ನೆರಳು ಅಳೆಸಿದ ಟೀಚರು

ಹೊಸದುರ್ಗದ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಏಕನಾಥಮ್ಮ ಗಣಿತದ ಟೀಚರು. ತ್ರಿಭುಜಗಳ ಪಾಠಕ್ಕೆ ಹತ್ತನೇ ತರಗತಿಯನ್ನು ಪಕ್ಕದ ತೆಂಗಿನ ತೋಟಕ್ಕೆ ಕರೆದೊಯ್ದರು. ನೆಲಕ್ಕೊಂದು ಕೋಲು ನೆಟ್ಟು, "ಕೋಲಿನ ನೆರಳು, ಮರದ ನೆರಳು ಎರಡೂ ಅಳೀರಿ. ಮರ ಹತ್ತದೆ ಎತ್ತರ ಹೇಳ್ರಿ" ಎಂದು ಬದುವಿನ ಮೇಲೆ ಸುಮ್ಮನೆ ಕೂತರು. ಮಕ್ಕಳು ಜಗಳವಾಡಿ, ತಪ್ಪಿ, ಕೊನೆಗೆ ಕಂಡುಕೊಂಡರು. ಆಮೇಲೆ ಯಾರೂ ಹೇಳದೆಯೇ ಊರಿನ ಲೈಟುಕಂಬ, ಬೇವಿನ ಮರ, ಮೊಬೈಲ್ ಟವರ್ ಎಲ್ಲವನ್ನೂ ಅಳೆಯತೊಡಗಿದರು. ಲೆಕ್ಕ ಕೊಡದ ದಿನವೂ ಲೆಕ್ಕ ಮಾಡಿಕೊಂಡು ಬರುತ್ತಿದ್ದರು.

ಆದರೆ ಆ ಹುರುಪಿನಲ್ಲಿ ಉಳಿದ ಪಾಠಗಳು ಹಿಂದೆ ಬಿದ್ದವು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅರ್ಧ ತರಗತಿ ಫೇಲಾಯಿತು. ಹೆಡ್‌ಮಾಸ್ಟರ್ ಪಾಲಯ್ಯ ಕೆಟ್ಟವರಲ್ಲ; ಅವರಿಗೂ ಮೇಲಿನಿಂದ ನೋಟಿಸು ಬಂದಿತ್ತು.

"ಮೇಡಂ, ಇನ್ನು ತೋಟ ಗೀಟ ಬ್ಯಾಡ. ಬರೋ ಪ್ರಶ್ನೆಗಳು ಇಷ್ಟೇ. ಉತ್ರ ಬರ್ಸಿ, ಬಾಯಿಪಾಠ ಮಾಡ್ಸ್ರಿ."

"ವಾರಕ್ಕೊಂದು ಪೀರಿಯಡ್ಡಾದ್ರೂ ಅವ್ರ ಪಾಡಿಗೆ ಬಿಡ್ರಿ ಸರ್."

"ಫೇಲಾದ್ರೆ ಅವ್ರ ಅಪ್ಪ ಅವ್ವಂಗೆ ಏನ್ ಹೇಳ್ತೀರಿ?"

ಮರುದಿನದಿಂದ ಏಕನಾಥಮ್ಮ ಬೋರ್ಡು ತುಂಬಿಸುವುದು, ಮಕ್ಕಳು ಇಳಿಸಿಕೊಳ್ಳುವುದು.

ಒಂದು ದಿನ ಮೇಘಶ್ರೀ ಎದ್ದು ನಿಂತಳು. "ಮಿಸ್, ನಮ್ಮೂರ ನೀರಿನ ಟ್ಯಾಂಕು ಬೆಳಗ್ಗೆ ಒಂದು ಎತ್ತರ ಬರ್ತೈತೆ, ಮಧ್ಯಾಹ್ನ ಇನ್ನೊಂದು. ಯಾಕೆ?"

ಹುಡುಗಿ ಕೋಲಿನ ನೆರಳನ್ನು ಬೆಳಗ್ಗೆ ಮಾತ್ರ ಅಳೆದು, ಮಧ್ಯಾಹ್ನದ ಲೆಕ್ಕಕ್ಕೂ ಅದನ್ನೇ ಹಿಡಿದಿದ್ದಾಳೆಂದು ಟೀಚರಿಗೆ ತಕ್ಷಣ ಹೊಳೆಯಿತು. 'ಕೋಲನ್ನ ಯಾವಾಗ ಅಳೆದೆ?' ಎಂದು ಕೇಳಿದ್ದರೆ ಸಾಕಿತ್ತು, ಉಳಿದದ್ದನ್ನು ಅವಳೇ ಹುಡುಕಿಕೊಳ್ಳುತ್ತಿದ್ದಳು. ಆದರೆ ಬಾಗಿಲಲ್ಲಿ ಪಾಲಯ್ಯ ನಿಂತಿದ್ದರು.

"ಅದು ಪರೀಕ್ಷೆಗೆ ಬರಲ್ಲ ಕಣವ್ವ. ಇದನ್ನ ಬರ್ಕೊ" ಎಂದರು ಟೀಚರು.

ಮೇಘಶ್ರೀ ಕೂತಳು. ಮತ್ತೆಂದೂ ಏನೂ ಕೇಳಲಿಲ್ಲ.

ಫಲಿತಾಂಶ ಚೆನ್ನಾಗಿ ಬಂತು. ಖಂಡಿತ ಫೇಲಾಗುವಳೆಂದು ಎಲ್ಲರೂ ಅಂದುಕೊಂಡಿದ್ದ ಅನುಷಾ ಕೂಡ ಪಾಸಾದಳು. ಅವಳ ತಾಯಿ ಸ್ಕೂಲಿಗೇ ಬಂದು ಟೀಚರ ಕೈ ಹಿಡಿದುಕೊಂಡಳು.

"ಫೇಲಾಗಿದ್ರೆ ಅವ್ರಪ್ಪ ಗಾರ್ಮೆಂಟ್ಸಿಗೆ ಕಳಿಸ್ತಿದ್ದ ಕಣಮ್ಮ. ಈಗ ಕಾಲೇಜಿಗೆ ಹೋಗ್ತಾಳೆ. ಎಲ್ಲ ನಿಮ್ಮಿಂದ."

ಬರೆದ ಒಂದು ಸಾಲಿನ ಅರ್ಥವೂ ಅನುಷಾಗೆ ಗೊತ್ತಿರಲಿಲ್ಲ. ಅದು ಏಕನಾಥಮ್ಮನಿಗೆ ಗೊತ್ತಿತ್ತು. ಆದರೂ ಆ ತಾಯಿಯ ಮುಂದೆ, ತಾನು ಮಾಡಿದ್ದು ತಪ್ಪು ಎನ್ನಲು ಬಾಯಿ ಬರಲಿಲ್ಲ. ಸರಿ ಎನ್ನಲು ಮನಸ್ಸು ಒಪ್ಪಲಿಲ್ಲ.

ಜೂನ್ ತಿಂಗಳಲ್ಲಿ ಪಾಲಯ್ಯ, "ಈ ಸಲ ಬಾಯಿಪಾಠ ಎಂಟನೇ ಕ್ಲಾಸಿಂದ್ಲೇ ಶುರು ಮಾಡಾಣ" ಎಂದರು.

ಎಂಟನೆಯವರ ಮೊದಲ ಪೀರಿಯಡ್ಡಿನಲ್ಲಿ ಏಕನಾಥಮ್ಮ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದು, "ನೀವೇ ಮಾಡಿ ನೋಡ್ರಿ" ಎಂದರು. ಯಾರ ಪೆನ್ನೂ ಅಲುಗಲಿಲ್ಲ. ಮುಂದಿನ ಬೆಂಚಿನ ಹುಡುಗಿ ವಿನಯದಿಂದ ಕೇಳಿದಳು:

"ಉತ್ರ ಹೇಳ್ರಿ ಮಿಸ್, ಬರ್ಕಂತೀವಿ. ಪಾಸಾದ ಅಕ್ಕಂದಿರು ಹಂಗೇ ಮಾಡಿದ್ರಂತೆ."

ಟೀಚರು ಬೋರ್ಡಿನತ್ತ ತಿರುಗಿ ಉತ್ತರ ಬರೆಯತೊಡಗಿದರು.