ಇಯೋಲು ಅಡುಗೆ ಕಲಿತ ಚಳಿಗಾಲ

ಗೆಣಸು ತೊಳೆಯುವ ಯಂತ್ರದ ಪಟ್ಟಿಗೆ ಇಯೋಲುವಿನ ಬಲಗೈ ಸಿಕ್ಕಿಕೊಂಡಿತು. ಬೆರಳುಗಳೇನೋ ಉಳಿದವು, ಅಂಗೈಯೊಳಗಿನ ನರ ಮಾತ್ರ ತುಂಡಾಯಿತು. ಆಸ್ಪತ್ರೆಯವರು ಹೊಲಿಗೆ ಹಾಕಿ, ಮೊಣಕೈವರೆಗೆ ಬಟ್ಟೆ ಸುತ್ತಿ ಕಳಿಸಿದರು.

ಟಾನ್ನಾ ದ್ವೀಪದಿಂದ ಕಡಲಾಚೆಯ ಬಂಡಬರ್ಗಿನ ಗೆಣಸಿನ ತೋಟಕ್ಕೆ ಕೂಲಿಗೆ ಒಟ್ಟಿಗೆ ಬಂದಿದ್ದ, ಇಯೋಲು ಸೇರಿ ಆರು ಗಂಡಸರು ತೋಟದಂಚಿನ ಒಂದು ತಗಡಿನ ಕೋಣೆಯಲ್ಲಿದ್ದರು. ಒಲೆ ಇರಲಿಲ್ಲ. ಒಂದು ಅನ್ನದ ಕುಕ್ಕರ್, ನೀರು ಕಾಯಿಸುವ ಕೆಟಲ್, ಒಂದು ಮೊಂಡು ಚಾಕು, ಅಷ್ಟೇ. ಊರಿನಲ್ಲಿ ಅಡುಗೆ ಹೆಂಗಸರ ಕೆಲಸ, ಹಾಗಾಗಿ ಇವರಲ್ಲಿ ಯಾರಿಗೂ ಅದು ಬರುತ್ತಿರಲಿಲ್ಲ. ಬೆಳಿಗ್ಗೆ ಬ್ರೆಡ್ಡು, ರಾತ್ರಿ ಬಿಸಿನೀರು ಸುರಿದ ನೂಡಲ್ಸು. ತೋಟದ ಗೆಣಸು ಕಣ್ಣೆದುರಿಗೇ ಲಾರಿ ಹತ್ತಿ ಹೋಗುತ್ತಿತ್ತು, ಸೀಳಿದ್ದು, ಸೊಟ್ಟಗಿದ್ದದ್ದು ರಾಶಿ ಬಿದ್ದು ಕೊಳೆಯುತ್ತಿತ್ತು.

ಅವರ ಹಿರಿಯ ಕೊವಿಯಾ ಇಯೋಲುವನ್ನು ನೋಡಿ ಹೇಳಿದ: "ದಿನವಿಡೀ ಗೋಡೆ ನೋಡ್ತಾ ಕೂತ್ರೆ ತಲೆ ಕೆಡುತ್ತೆ. ಇನ್ನೊಂದು ಕೈ ಇದೆಯಲ್ಲ, ಅನ್ನನಾದ್ರೂ ಮಾಡಿಡು."

"ಹಾಗಾದ್ರೆ ಇವತ್ತು ಉಪವಾಸ ಅನ್ನಿ," ಎಂದ ನಾಲ್ಪಿನ್. ಕೋಣೆಯಲ್ಲಿ ಬಾಯಿ ಜಾಸ್ತಿ ಅವನದೇ.

ಅವನ ಮಾತು ಸುಳ್ಳಾಗಲಿಲ್ಲ. ಅನ್ನ ಕೆಳಗೆ ಸೀದು, ಮೇಲೆ ಬೇಯದೆ ಉಳಿದಿತ್ತು. ಐವರೂ ಅದನ್ನೇ ತಿಂದು ತಟ್ಟೆ ತೊಳೆದಿಟ್ಟರು. ಬೈದಿದ್ದರೆ ವಾಸಿ ಎನಿಸಿತು ಇಯೋಲುವಿಗೆ.

ಮರುದಿನ ಸಂಜೆ ಊರಿನಲ್ಲಿದ್ದ ಹೆಂಡತಿ ಮಿರಿಯಮ್‌ಗೆ ಫೋನು ಮಾಡಿದ. ಅವಳು ಗುಡ್ಡ ಹತ್ತಿ ನಿಂತರೆ ಮಾತ್ರ ಮಾತು ಕೇಳಿಸುತ್ತಿತ್ತು.

"ಅನ್ನಕ್ಕೆ ನೀರು ಎಷ್ಟಿಡ್ಬೇಕೇ?"

ಅವಳು ನಕ್ಕಳು. "ಮದುವೆಯಾದಾಗಿಂದ ಒಂದು ಮುಚ್ಚಳ ಎತ್ತಿದವನಲ್ಲ ನೀನು. ಏನಾಯ್ತು ನಿಂಗೆ?"

"ಸರದಿ ಹಾಕ್ಕೊಂಡಿದೀವಿ. ಈ ವಾರ ನಂದು." ಕೈಯ ವಿಷಯ ನಾಲಿಗೆವರೆಗೆ ಬಂದು ನಿಂತಿತು.

"ಅಕ್ಕಿ ಮೇಲೆ ಬೆರಳಿಡು. ಮೊದಲನೇ ಗೆಣ್ಣಿಗೆ ನೀರು ಬಂದ್ರೆ ಸಾಕು. ಮುಚ್ಚಳ ತೆಗೆದು ತೆಗೆದು ನೋಡ್ಬೇಡ, ಅದೇನು ಓಡಿಹೋಗಲ್ಲ."

ಅನ್ನ ಹದಕ್ಕೆ ಬಂತು. ಆಮೇಲೆ ಅವನಿಗೆ ಸಿಂಬೊರೊದ ಆಸೆ ಹತ್ತಿತು, ಊರಿನಲ್ಲಿ ಗೆಡ್ಡೆಯ ತುರಿಯನ್ನು ಎಲೆಯಲ್ಲಿ ಸುತ್ತಿ ಬೇಯಿಸುವ ಸುರುಳಿ. ಮೀನಿನ ಡಬ್ಬಿಯನ್ನು ಕತ್ತರಿಸಿ ಚಪ್ಪಟೆ ಮಾಡಿ, ಮೊಳೆಯಿಂದ ತೂತು ಹೊಡೆದು ನಾಲ್ಪಿನ್ ಒಂದು ತುರಿಮಣೆ ಮಾಡಿಕೊಟ್ಟ. ಇಯೋಲು ನೆಲದ ಮೇಲೆ ಕುಳಿತು, ಅದರ ಅಂಚನ್ನು ಪಾದದಡಿ ಒತ್ತಿಹಿಡಿದು, ರಾಶಿಯಿಂದ ಆರಿಸಿ ತಂದ ಗೆಣಸನ್ನು ಎಡಗೈಯಲ್ಲಿ ತುರಿದ. ಪಕ್ಕದ ತೋಟದ ಮುದುಕಿ ಬೇಲಿಯ ಮೇಲಿಂದ ಕೊಟ್ಟ ಅಗಲ ಎಲೆಯ ಸೊಪ್ಪನ್ನು ಕೆಟಲಿನ ಬಿಸಿನೀರಿನಲ್ಲಿ ಅದ್ದಿ ಬಾಡಿಸಿದ. ತುರಿಗೆ ಉಪ್ಪು ಬೆರೆಸಿ, ಎಲೆಯಲ್ಲಿ ಸುರುಳಿ ಸುತ್ತಿ ಕುಕ್ಕರಿನಲ್ಲಿ ಜೋಡಿಸಿ, ಮೇಲೆ ಈರುಳ್ಳಿ, ಡಬ್ಬಿ ಮೀನು, ತೆಂಗಿನ ಹಾಲು ಹಾಕಿದ. ಗುಂಡಿ ಟಕ್ಕೆಂದು ಮೇಲೆ ಹಾರಿದಾಗಲೆಲ್ಲ ಮತ್ತೆ ಒತ್ತಿದ. ಸುರುಳಿ ಸುತ್ತುವುದಕ್ಕೇ ಮಧ್ಯಾಹ್ನವೆಲ್ಲ ಹಿಡಿಯಿತು. ಬಿಚ್ಚಿಕೊಂಡದ್ದನ್ನು ಹಲ್ಲಿನಲ್ಲಿ ಕಚ್ಚಿಹಿಡಿದು ಮತ್ತೆ ಸುತ್ತಿದ.

ಕೆಲಸದಿಂದ ಬಂದವರು ಬಾಗಿಲಲ್ಲೇ ನಿಂತರು. ಆ ವಾಸನೆ ಅವರ ಊರಿನದು. ಕೊವಿಯಾ ತಿಂದು ಮುಗಿಸಿ, ಖಾಲಿ ತಟ್ಟೆಯನ್ನು ಮತ್ತೆ ಮುಂದೆ ಹಿಡಿದ.

"ನಮ್ಮಮ್ಮನ ಕೈರುಚಿ ಕಣಣ್ಣ," ಎಂದ ನಾಲ್ಪಿನ್. "ಅವಳಿಗೆ ಎರಡು ಕೈ ಬೇಕಾಗಿತ್ತು, ನಿಂಗೆ ಒಂದೇ ಸಾಕು."

ಎಲ್ಲರೂ ನಕ್ಕರು. ಇಯೋಲುವೂ ನಕ್ಕ. ಆಮೇಲೆ ತನ್ನ ಪಾಲಿನ ಸುರುಳಿಯನ್ನು ನಾಲ್ಪಿನ್‌ನ ತಟ್ಟೆಗೆ ಸರಿಸಿದ.

ಅಂದಿನಿಂದ ಅವರ ಊಟ ಚೆನ್ನಾಯಿತು, ಖರ್ಚೂ ಇಳಿಯಿತು. ಬೇರೆ ಕೋಣೆಯವರೂ ತಟ್ಟೆ ಹಿಡಿದು ಬಂದರು. ಆದರೆ ಪ್ರತಿ ತಟ್ಟೆ ಬಡಿಸುವಾಗಲೂ ತಾನು ಹೊಲಕ್ಕೆ ಹೋಗದೆ ಉಳಿದವನು ಎಂಬುದು ಇಯೋಲುವಿಗೆ ಚುಚ್ಚುತ್ತಿತ್ತು. ಗಾಯ ಮಾಯಿತು, ಬೆರಳು ಮಾತ್ರ ಮಡಚಲಿಲ್ಲ. ಇನ್ನು ಮಡಚುವುದೂ ಇಲ್ಲ ಎಂದರು ವೈದ್ಯರು. ಹಾಗಾದರೆ ಊರಿಗೆ ಹೊರಡು ಎಂದರು ತೋಟದವರು.

ಅಡುಗೆಗಾದರೂ ಇರಿಸಿಕೊಳ್ಳಿ ಎಂದು ಕೊವಿಯಾ ತೋಟದ ಮೇಲ್ವಿಚಾರಕನನ್ನು ಕೇಳಿದ. "ಅಡುಗೆ ಮಾಡೋಕೆ ವೀಸಾ ಕೊಟ್ಟಿಲ್ಲಪ್ಪ," ಎಂದ ಅವನು. ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ.

ಹೊರಡುವ ಮುನ್ನ ಇಯೋಲು ನಾಲ್ಪಿನ್‌ಗೆ ಸುರುಳಿ ಸುತ್ತುವುದನ್ನು ಹೇಳಿಕೊಡಲು ಹೋದ. ಎಂಟು ಗಂಟೆ ಹೊಲದಲ್ಲಿ ಬಗ್ಗಿ ಬಂದವನು ಎಲೆ ಕೈಯಲ್ಲಿ ಹಿಡಿದೇ ಗೋಡೆಗೊರಗಿ ನಿದ್ದೆಹೋದ. ಇಯೋಲು ಅವನನ್ನು ಎಬ್ಬಿಸಲಿಲ್ಲ.

ವಿಮಾನದ ಮೆಟ್ಟಿಲಿಳಿದು ಬಂದವನ ಕೈಯನ್ನು ಮಿರಿಯಮ್ ನೋಡಿದಳು. "ಸರದಿ ಅಂದೆಯಲ್ಲ," ಎಂದಳು. ಅವನ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡಳು. ಚಂಡಮಾರುತ ಹಾರಿಸಿಕೊಂಡು ಹೋದ ಮನೆಯ ಜಾಗದಲ್ಲಿ ಟಾರ್ಪಾಲು ಹಾಗೇ ಇತ್ತು. ಈ ಸಲದ ದುಡಿಮೆಯಲ್ಲಿ ಸಿಮೆಂಟಿನ ಗೋಡೆ ಏಳಬೇಕಿತ್ತು.

ಅಗೆಯುವ ಕೋಲು ಅವನ ಹಿಡಿತಕ್ಕೆ ಬರಲಿಲ್ಲ. ಸುವರ್ಣಗೆಡ್ಡೆಯ ಗುಂಡಿಗಳನ್ನು ಮಿರಿಯಮ್ ಒಬ್ಬಳೇ ತೋಡಿದಳು. ಒಂದು ದಿನ ಅವಳು ಬರುವಷ್ಟರಲ್ಲಿ ಅಡುಗೆ ಮಾಡಿಡೋಣವೆಂದು ಇಯೋಲು ಅಡುಗೆ ಗುಡಿಸಲಲ್ಲಿ ಕುಳಿತು ಗೆಡ್ಡೆ ತುರಿಯತೊಡಗಿದ. ಅವನ ಅತ್ತೆ ಒಳಗೆ ಬಂದು ನೋಡಿದಳು. ಬೈಯಲಿಲ್ಲ, ನಗಲೂ ಇಲ್ಲ. ಅವನ ಮುಂದಿದ್ದ ಬೋಗುಣಿಯನ್ನು ಮೆಲ್ಲಗೆ ಎಳೆದುಕೊಂಡಳು.

"ಬಿಡಪ್ಪ. ನೋಡಿದೋರು ಏನಂದಾರು? ನಾನು ಮಾಡ್ತೀನಿ."

"ನಂಗೆ ಬರುತ್ತೆ, ಅತ್ತೆ."

"ಬರುತ್ತೆ ಅಂತ ಗೊತ್ತು," ಎಂದಳು ಮುದುಕಿ, ಬೋಗುಣಿ ಮಾತ್ರ ಕೊಡಲಿಲ್ಲ.

ಇಯೋಲು ಎದ್ದು, ಗಂಡಸರು ಸಂಜೆಗೆ ಕಾವಾ ಎಂಬ ಮತ್ತೇರುವ ಕಷಾಯ ಕುಡಿಯಲು ಸೇರುವ ಆಲದ ಕೆಳಗೆ ಹೋದ. ಇನ್ನೂ ನಡುಮಧ್ಯಾಹ್ನ. ಎಲ್ಲರೂ ತೋಟಗಳಲ್ಲಿದ್ದರು. ಬೇರಿನ ಮೇಲೆ ಒಬ್ಬನೇ ಕುಳಿತು ಅವನು ಸಂಜೆಯಾಗುವುದನ್ನು ಕಾದ.