ಅಂಗೈಗೆ ಬಿಟ್ಟುಕೊಂಡ ಒಂದು ಹನಿ ಸಾರು

ಬಿ.ಪಿ. ಇದೆ, ಉಪ್ಪು ಕಮ್ಮಿ ಮಾಡಿ ಅಂತ ತುಮಕೂರಿನ ಡಾಕ್ಟ್ರು ಹೇಳಿದ ಮೇಲೆ ನಾನು ಸಾರಿನ ರುಚಿ ನೋಡೋದನ್ನೇ ಬಿಟ್ಟಿದ್ದೆ. ಮದುವೆ ಅಡುಗೆ ಮಾಡೋಳಿಗೆ ಅದು ಆಗೋ ಮಾತಾ? ಆದರೂ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡ ಹನಿ ನೋಡಿದರೆ ವಿಷ ಕಂಡಂಗೆ ಆಗೋದು.

ಅದಾದ ಮೇಲಿನ ಮೊದಲನೇ ಮದುವೆ ಗುಬ್ಬಿಯಲ್ಲಿ. ನನ್ನ ಬಿ.ಪಿ. ವಿಷಯ ಯಾರೋ ಊದಿಬಿಟ್ಟಿದ್ದರು. ಮದುವೆ ಹುಡುಗಿಯ ಸೋದರಮಾವ ಸಫಾರಿ ಹಾಕಿಕೊಂಡು ಬಂದು, ಒಲೆ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತ.

"ಉಪ್ಪಿನ ತಂಟೆಗೆ ಹೋಗ್ಬೇಡಿ ಅಕ್ಕ. ಶುಭಕಾರ್ಯದಲ್ಲಿ ನಿಮಗೇನಾದ್ರೂ ಆಗ್ಬುಟ್ರೆ? ರುಚಿ ನಾನ್ ನೋಡ್ತೀನಿ."

ದವಡೆಯಲ್ಲಿ ಎಲೆಅಡಿಕೆ, ಕಡ್ಡಿಪುಡಿ. ಹಾಗೇ ಒಂದು ಗುಟುಕು ಸಾರು ಕುಡಿದು, "ಭೇಷಾಗಿದೆ" ಅಂದ.

"ನೀವು ಬಿ.ಪಿ. ಚೆಕ್ ಮಾಡ್ಸಿದೀರಾ?"

"ನಂಗೇನಾಗಿದೆ? ನಾನು ಆಸ್ಪತ್ರೆ ಮೆಟ್ಲೇ ಹತ್ತಿಲ್ಲ!"

ರೇಗಿಹೋಯ್ತು. ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ಸಪ್ಪೆ!

"ಅಯ್ಯೋ, ನಿಮಗೆ ಬಿ.ಪಿ...." ಅಂತ ಕೈ ಅಡ್ಡ ತಂದ.

"ಗೊತ್ತಾಗಿದ್ದು ಹೋದ ವಾರ ಕಣ್ರೀ, ಬಂದು ಎಷ್ಟು ವರ್ಷ ಆಯ್ತೋ! ಹೋದ ತಿಂಗಳು ಇದೇ ಛತ್ರದಲ್ಲಿ, ಇದೇ ಬಿ.ಪಿ. ಇಟ್ಕೊಂಡೇ ಬೇಯ್ಸಿ, ರುಚಿನೂ ನೋಡಿದೀನಿ. ಆಗ ಸಾಯದೋಳು ಈಗ ಒಂದು ಹನಿಗೆ ಸಾಯ್ತೀನಾ? ಏಳಿ, ಒಲೆ ಹತ್ರದಿಂದ!"

ಉಪ್ಪು ಹಾಕಿ, ಕುದಿಸಿ, ಇನ್ನೊಂದು ಹನಿ ನೆಕ್ಕಿದೆ. ಆಮೇಲೆ, ಹನಿಗೆ ಹೆದರೋ ಭರದಲ್ಲಿ ಬೆಳಿಗ್ಗೆ ಮರೆತೇ ಹೋಗಿದ್ದ ಬಿ.ಪಿ. ಮಾತ್ರೆ ನುಂಗಿದೆ.

ಊಟಕ್ಕೆ ಕೂತಾಗ ಆತ ಎಲೆ ತುದಿಯ ಉಪ್ಪು ಸಾಲದು ಅಂತ ಇನ್ನಷ್ಟು ಹಾಕಿಸಿಕೊಂಡ. ಹಾಕಿಸಿಕೊಳ್ಳಲಿ ಬಿಡಿ. ಅವನಿಗೇನು, ಡಾಕ್ಟ್ರು ಇನ್ನೂ ಹೇಳಿಲ್ಲವಲ್ಲ!