ಜರಡಿಯಿಂದ ಉದುರಿದ ಕೊಬ್ಬರಿ

ತುಮಕೂರು ಬಸ್ ನಿಲ್ದಾಣದಿಂದ ಬೆಳಿಗ್ಗೆ ಏಳೂವರೆಗೆ ಹೊರಟೆ. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಮೂವತ್ತೊಂದು ವರ್ಷ ವಾಣಿಜ್ಯ ತೆರಿಗೆ ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿದು ಈಗ ಪಿಂಚಣಿ ತಿನ್ನುತ್ತಿರುವವಳಿಗೂ ಬಿಟ್ಟಿ ಪ್ರಯಾಣ! ಪಕ್ಕದಲ್ಲಿ ಕೂತಿದ್ದ ಸೊಪ್ಪು ಮಾರುವ ಹೆಂಗಸಿಗೂ ಅದೇ ಟಿಕೆಟ್. ಅವಳಿಗೆ ಸಿಕ್ಕಿದ್ದಕ್ಕೆ ಸಂತೋಷವಾಯಿತು, ನನಗೆ ಸಿಕ್ಕಿದ್ದಕ್ಕೆ ಸ್ವಲ್ಪ ನಾಚಿಕೆಯಾಯಿತು. ಹಾಗಂತ ವಾಪಸ್ಸೇನೂ ಕೊಡಲಿಲ್ಲ.

ಹೊರಟಿದ್ದು ಹುಳಿಯಾರು ಹತ್ತಿರದ ಕೆಂಕೆರೆಗೆ, ತಂಗಿ ನಿಂಗಮ್ಮನ ಮನೆಗೆ. ಸರ್ಕಾರದ ಬೆಂಬಲ ಬೆಲೆಗೆ ಕೊಬ್ಬರಿ ಕೊಡಲು ಅವಳು ಹೆಸರು ಬರೆಸಿದ್ದಳು, ಮರುದಿನವೇ ಅವಳ ಸರದಿ. "ಆಫೀಸಿನವ್ರ ಹತ್ರ ಮಾತಾಡಕ್ಕೆ ನೀನಿರ್ಬೇಕು ಕಣಕ್ಕ" ಎಂದು ಫೋನಿನಲ್ಲಿ ಹೇಳಿದ್ದಳು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇಳಿದು ನಲವತ್ತು ರೂಪಾಯಿಗೆ ಎರಡು ಇಡ್ಲಿ, ಒಂದು ವಡೆ ತಿಂದು, ಚಿಕ್ಕನಾಯಕನಹಳ್ಳಿ ಮೇಲೆ ಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತೆಂಗು. ಬೋರ್‌ವೆಲ್ ಇರುವ ತೋಟಗಳಲ್ಲಿ ಗರಿ ಕಪ್ಪು ಹಸಿರಾಗಿತ್ತು, ಇಲ್ಲದ ಕಡೆ ಜೋತುಬಿದ್ದಿತ್ತು. ಯಾರ ಮನೆಯಲ್ಲಿ ಏನಿದೆ ಎಂದು ಬಸ್ಸಿನ ಕಿಟಕಿಯಿಂದಲೇ ಹೇಳಬಹುದಿತ್ತು.

ನಿಂಗಮ್ಮನಿಗೆ ಹೊಲದ ಬದುವಿನ ಮೇಲೆ ನಲವತ್ತು ಮರ. ಮಳೆ ಬಿಟ್ಟರೆ ಅವಕ್ಕೆ ಬೇರೆ ನೀರಿಲ್ಲ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಅವಳೂ ಗಂಡ ಈರಣ್ಣನೂ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ಐದು ಚೀಲಕ್ಕೆ ತುಂಬಿಟ್ಟಿದ್ದರು. ಉಳಿದ ದಿನಗಳಲ್ಲಿ ಅವಳು ಪಕ್ಕದ ದೊಡ್ಡ ತೋಟದ ಶಿವಣ್ಣನವರಿಗೆ ಕೂಲಿಗೆ ಕಾಯಿ ಸುಲಿಯುತ್ತಾಳೆ.

ಮುದ್ದೆಗೆ ಹುರುಳಿಕಾಳು ಸಾರು ಬಡಿಸುತ್ತಾ, "ಇದಿಷ್ಟೂ ಸರ್ಕಾರದ ರೇಟಿಗೆ ಹೋದ್ರೆ ಈ ವರ್ಷ ಇನ್ನೊಬ್ರ ಕಾಯಿ ಸುಲಿಯಲ್ಲ ಕಣಕ್ಕ. ಎರಡು ಹಸ ಕಟ್ಕಂಡು ಮನೇಲಿರ್ತೀನಿ" ಎಂದಳು. ಸುಲಿದು ಸುಲಿದು ಬಿರಿದಿದ್ದ ಅವಳ ಅಂಗೈ ನೋಡಿ ನನಗೆ ಊಟ ಸೇರಲಿಲ್ಲ.

ಎರಡನೆಯ ದಿನ ಒಂಬೈನೂರು ರೂಪಾಯಿಗೆ ಗೂಡ್ಸ್ ಆಟೋ ಮಾಡಿಕೊಂಡು ಖರೀದಿ ಕೇಂದ್ರಕ್ಕೆ ಹೋದೆವು. ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಅಲ್ಲೊಂದು ದೊಡ್ಡ ಕಬ್ಬಿಣದ ಜರಡಿ, ಅದರ ತುಂಬ ದುಂಡನೆಯ ತೂತುಗಳು. ತೂತಿನಿಂದ ಕೆಳಕ್ಕೆ ಉದುರಿದ ಕೊಬ್ಬರಿ ಸರ್ಕಾರಕ್ಕೆ ಬೇಡ. ನಮ್ಮ ಮುಂದೆ ಶಿವಣ್ಣನವರ ಟ್ರ್ಯಾಕ್ಟರ್ ಇತ್ತು. ಅವರದು ಒಂದೊಂದೂ ದಪ್ಪ ಉಂಡೆ, ಜರಡಿಯ ಮೇಲೆ ಗಡಗಡ ಉರುಳಿ ಸೀದಾ ತಕ್ಕಡಿಗೆ ಹೋದವು. "ಎಲ್ಲಾ ನಾನೇ ಸುಲಿದಿದ್ದು" ಎಂದಳು ನಿಂಗಮ್ಮ, ಹೆಮ್ಮೆಯಿಂದಲೇ.

ನಮ್ಮ ಐದು ಚೀಲದಲ್ಲಿ ಮೂರು ಚೀಲದಷ್ಟು ಉದುರಿಹೋಯಿತು.

ನನಗೆ ಪಿತ್ತ ನೆತ್ತಿಗೇರಿತು. ಅಳತೆಯಲ್ಲಿ ಮೋಸವಾಗುವುದನ್ನು ಕೆಲಸದಲ್ಲಿ ಬೇಕಾದಷ್ಟು ಕಂಡವಳು ನಾನು. ಎದುರಿನ ಅಂಗಡಿಯಿಂದ ಸ್ಕೇಲ್ ತಂದು, "ತೂತು ದೊಡ್ಡದು ಮಾಡಿಸಿದ್ದೀರಿ, ಆದೇಶ ತೋರಿಸಿ!" ಎಂದು ಮೇಲ್ವಿಚಾರಕರ ಮೇಲೆ ಕೂಗಾಡಿದೆ. ಸಾಲಿನಲ್ಲಿದ್ದವರೆಲ್ಲ ಸುತ್ತ ಸೇರಿದರು. ಮೇಲ್ವಿಚಾರಕರು ಆದೇಶದ ಪ್ರತಿ ತಂದು ಮುಂದಿಟ್ಟರು: ಎಪ್ಪತ್ತೈದು ಮಿಲಿಮೀಟರ್. ಅಳೆದೆ. ಒಂದಲ್ಲ, ಆರು ತೂತು ಅಳೆದೆ. ಎಲ್ಲವೂ ಸರಿಯಾಗಿ ಎಪ್ಪತ್ತೈದೇ ಇದ್ದವು. ಅಷ್ಟು ಜನರ ಮುಂದೆ ಮುಖ ಎಲ್ಲಿಟ್ಟುಕೊಳ್ಳಲಿ?

ಶಿವಣ್ಣನವರು ನಗುತ್ತಾ, "ನಮ್ಮದು ಬೋರಿನ ನೀರು ಕುಡಿದಿದ್ದು ಕಣ್ರೀ, ಅದಕ್ಕೇ ದಪ್ಪ" ಎಂದರು. ಆ ಬೋರಿನ ಪಂಪಿಗೆ ಕರೆಂಟೂ ಸರ್ಕಾರದ್ದೇ, ಪುಕ್ಕಟೆ. ಸೋಪು ಕೊಂಡರೆ ನಿಂಗಮ್ಮನೂ ಶಿವಣ್ಣನವರೂ ಒಂದೇ ತೆರಿಗೆ ಕಟ್ಟುತ್ತಾರೆ. ಆ ದುಡ್ಡು ಮಾತ್ರ ಕರೆಂಟಾಗಿ ಒಮ್ಮೆ, ಬೆಂಬಲ ಬೆಲೆಯಾಗಿ ಇನ್ನೊಮ್ಮೆ ನೀರಿದ್ದವರ ತೋಟಕ್ಕೇ ಹೋಗುತ್ತದೆ. ಮೂವತ್ತೊಂದು ವರ್ಷ ತೆರಿಗೆಯ ಕಡತ ಹೊತ್ತವಳಿಗೆ ಇದು ತಿಳಿಯಲು ಒಂದು ಜರಡಿ ಬೇಕಾಯಿತಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ನಿಂಗಮ್ಮ ಮೇಲ್ವಿಚಾರಕರ ಮೇಜಿನ ಮುಂದೆ ಹೋಗಿ ನಿಂತಳು. "ತೂತು ಸರಿಯಾಗೈತೆ ಬುಡಿ ಸಾರ್. ನೀರಿರೋ ಮರಕ್ಕೂ ಮಳೆ ನಂಬಿರೋ ಮರಕ್ಕೂ ಒಂದೇ ತೂತು ಮಾಡಿದ್ದೀರಲ್ಲ, ಅದು ಸರಿಯಿಲ್ಲ. ನಮಗೊಂದು ಸಣ್ಣ ತೂತಿನ ಜರಡಿ ಮಾಡಿ, ಅದಕ್ಕೊಂದು ರೇಟು ಕಟ್ಟಿ."

"ಆದೇಶ ಮೇಲಿಂದ ಬಂದಿದ್ದಮ್ಮ, ನಾನೇನ್ ಮಾಡ್ಲಿ?"

"ಮೇಲಕ್ಕೆ ಕಳ್ಸಿ ಮತ್ತೆ. ಕೆಳಕ್ಕೆ ಬಂದ ದಾರೀಲೇ ಮೇಲಕ್ಕೂ ಹೋಗ್ಬೋದಲ್ವಾ?"

ಸುತ್ತಲಿದ್ದವರು ಗೊಳ್ಳೆಂದರು. ನಾನು ಅಲ್ಲೇ ಕೂತು ಅರ್ಜಿ ಬರೆದೆ. ಕೊಬ್ಬರಿ ಉದುರಿದವರು ಹನ್ನೆರಡು ಮಂದಿ ಸಹಿ ಹಾಕಿದರು, ಇಬ್ಬರು ಹೆಬ್ಬೆಟ್ಟು ಒತ್ತಿದರು. ಮೇಲ್ವಿಚಾರಕರು "ಇಟ್ಟು ಹೋಗಿ" ಎಂದರು. ಮೊಹರು ಬೀಳದ ಅರ್ಜಿ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿಲ್ಲವೇ? ಎಷ್ಟೋ ಅರ್ಜಿಗಳನ್ನು ಡ್ರಾಯರಿಗೆ ತಳ್ಳಿದ ಕೈ ಇದು. ನಕಲು ಪ್ರತಿಯ ಮೇಲೆ ಮೊಹರು ಬೀಳುವವರೆಗೆ ಅಕ್ಕತಂಗಿಯರಿಬ್ಬರೂ ಕದಲಲಿಲ್ಲ. ಎರಡು ಗಂಟೆ ಹಿಡಿಯಿತು.

ಆದರೆ ಮೊಹರಿನಿಂದ ಕೊಬ್ಬರಿಗೆ ಬೆಲೆ ಬರಲಿಲ್ಲ. ಚಿಪ್ಪು ಒಡೆದ ಕೊಬ್ಬರಿ ಮಳೆಗಾಲಕ್ಕೆ ಸಿಕ್ಕರೆ ಬೂಸ್ಟು ಹಿಡಿಯುತ್ತದೆ. ಉದುರಿದ ಮೂರು ಚೀಲವನ್ನು ಗೇಟಿನ ಹೊರಗೆ ಇದಕ್ಕೇ ಕಾದು ನಿಂತಿದ್ದ ವ್ಯಾಪಾರಿಗೆ ಅವನು ಹೇಳಿದ ಬೆಲೆಗೇ ಕೊಟ್ಟೆವು. ಹಸುವಿನ ಮಾತನ್ನು ಆಟೋದಲ್ಲಿ ಇಬ್ಬರೂ ಎತ್ತಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನಿಂಗಮ್ಮ ನನ್ನನ್ನು ಬಸ್ಸಿಗೆ ಬಿಡಲು ಬಂದಳು. ಮೊಹರು ಬಿದ್ದ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ರವಿಕೆಯೊಳಗೆ ಸೇರಿಸಿಕೊಂಡಿದ್ದಳು.

"ಇವತ್ತು ಸುಲಿಯಕ್ಕೆ ಹೋಗ್ತೀನಿ, ನಾಳೆ ಆಫೀಸಿಗೆ ಹೋಗ್ತೀನಿ" ಎಂದಳು. "ಅವ್ರು ಉತ್ತರ ಕೊಡೋಗಂಟ ಒಂದಿನ ಅದು, ಒಂದಿನ ಇದು. ಹೆಂಗಿದ್ರೂ ಬಸ್ಸಿಗೆ ದುಡ್ಡು ಕೊಡಂಗಿಲ್ಲ."

ಬಸ್ಸು ಹೊರಟಿತು. ಹಿಂತಿರುಗಿ ನೋಡುವಷ್ಟರಲ್ಲಿ ಅವಳು ಸೆರಗು ಬಿಗಿದು ಶಿವಣ್ಣನವರ ತೋಟದ ಗೇಟು ದಾಟಿದ್ದಳು.